ಸಂತಾನ ನಿಯಂತ್ರಣ: ಹೊಸ ವಿಧಾನಗಳು, ಹಳೆಯ ಹೊರೆ

ಸಂತಾನ ನಿಯಂತ್ರಣದ ವಿಷಯದಲ್ಲಿ ನಾವು ಬಿಟ್ಟು ಬಂದ ಕನ್ನಡ ನಾಡಿಗೂ, ಇಂದು ನೆಲೆಸಿರುವ ಗುಜರಾತಿಗೂ ಹೆಮ್ಮೆಪಡುವಂಥ ಇತಿಹಾಸವಿದೆ. 1930ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮೈಸೂರು ಸರ್ಕಾರವು ಬೆಂಗಳೂರು ಹಾಗೂ ಮೈಸೂರಿನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಿತು. ಜಗತ್ತಿನಲ್ಲಿ ಸರ್ಕಾರವೇ ನಡೆಸಿದ ಇಂಥ ಮೊದಲ ಚಿಕಿತ್ಸಾಲಯಗಳೆಂದು ಇವು ಹೆಸರಾಗಿವೆ. ಸ್ವತಂತ್ರ ಭಾರತದ ಕುಟುಂಬ ಯೋಜನೆ ಕಾರ್ಯಕ್ರಮ ಆರಂಭವಾದದ್ದು ಅನಂತರ, 1952ರಲ್ಲಿ.

ಗುಜರಾತಿನ ಕಥೆ ಇನ್ನೂ ಕುತೂಹಲಕರ. 1971-72ರ ಚಳಿಗಾಲದಲ್ಲಿ ಇಲ್ಲಿನ ಸರ್ಕಾರವು ರಾಜ್ಯದ ಉದ್ದಗಲಕ್ಕೂ ವ್ಯಾಸೆಕ್ಟಮಿ ಶಿಬಿರಗಳನ್ನು ನಡೆಸಿತು. ಸುಮಾರು ಎರಡು ತಿಂಗಳ ಅವಧಿಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಪುರುಷರು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಪ್ರೋತ್ಸಾಹ ಧನದ ಆಕರ್ಷಣೆಯೂ ಇದರಲ್ಲಿತ್ತೆಂಬುದು ನಿಜ. ಆದರೂ ಪುರುಷರು ಈ ಹೊಣೆಯನ್ನು ಹೊರಲಾರರೆಂಬ ಮಾತು ಸುಳ್ಳೆಂಬುದನ್ನು ಈ ಸಂಖ್ಯೆಯೇ ಸಾರುತ್ತದೆ.

ಇಂದಿನ ಚಿತ್ರ ಬೇರೆಯೇ ಆಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ 15ರಿಂದ 49 ವರ್ಷದೊಳಗಿನ ವಿವಾಹಿತ ಸ್ತ್ರೀಯರಲ್ಲಿ ಸುಮಾರು ಶೇ. 38ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದಾರೆ. ಈ ಪ್ರಮಾಣ ಗುಜರಾತಿನಲ್ಲಿ ಸುಮಾರು ಶೇ. 36, ಕರ್ನಾಟಕದಲ್ಲಂತೂ ಶೇ. 57. ಪತಿ ವ್ಯಾಸೆಕ್ಟಮಿ ಮಾಡಿಸಿಕೊಂಡ ದಂಪತಿಗಳ ಪ್ರಮಾಣ ದೇಶದಲ್ಲಿ ಕೇವಲ ಶೇ. 0.3. ಇದಕ್ಕೆ ಮುಖ್ಯ ಕಾರಣ ತುರ್ತುಪರಿಸ್ಥಿತಿಯ ಕಾಲದ ಬಲವಂತ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ ಬಹುಪಾಲು ಪುರುಷರ ಮೇಲೆ. ಆ ಭೀತಿಯಿಂದ ವ್ಯಾಸೆಕ್ಟಮಿಯ ಹೆಸರೇ ಕೆಟ್ಟಿತು. ಹೊರೆಯೆಲ್ಲ ಸ್ತ್ರೀಯರ ಹೆಗಲಿಗೆ ಜಾರಿತು.

ಸ್ತ್ರೀಯರಿಗೆ ಲಭ್ಯವಿರುವ ವಿಧಾನಗಳು

ಹೆರಿಗೆಗೆಂದು ತವರಿಗೆ ಹೋದ ಮಗಳು ಎರಡನೆಯ ಮಗುವಿನೊಂದಿಗೆ "ಆಪರೇಷನ್" ಕೂಡ ಮುಗಿಸಿಕೊಂಡೇ ಮರಳುವುದು ನಮ್ಮ ಅನೇಕ ಮನೆಗಳಲ್ಲಿ ವಾಡಿಕೆ. ಆದರೆ ಇಂದು ಶಾಶ್ವತ ಶಸ್ತ್ರಚಿಕಿತ್ಸೆಯಷ್ಟೇ ನಂಬಿಕೆಗೆ ಅರ್ಹವಾದ ತಾತ್ಕಾಲಿಕ ವಿಧಾನಗಳಿವೆ. ನಮ್ಮ ತಾಯಂದಿರ ಕಾಲದಿಂದಲೂ ವಂಕಿ ಎಂದು ಪರಿಚಿತವಾದ ಸಾಧನದ ಇಂದಿನ ರೂಪವಾದ ಕಾಪರ್-ಟಿ 380ಎ ಹತ್ತು ವರ್ಷಗಳವರೆಗೆ ರಕ್ಷಣೆ ನೀಡುತ್ತದೆ. ಅದರಲ್ಲಿ ಹಾರ್ಮೋನು ಇಲ್ಲ. ಹೆರಿಗೆಯಾದ 48 ಗಂಟೆಗಳೊಳಗೆ ಅದನ್ನು ಅಳವಡಿಸಬಹುದು, ಬೇಡವೆನಿಸಿದಾಗ ತೆಗೆಸಬಹುದು. ಕೆಲವರಲ್ಲಿ ಮುಟ್ಟಿನ ಸ್ರಾವ ಹೆಚ್ಚಬಹುದು. ಅಂಥವರಿಗೆ ಹಾರ್ಮೋನುಯುಕ್ತ ವಂಕಿ ಹೊಂದಬಹುದು. ಅದು ಸ್ರಾವವನ್ನು ತಗ್ಗಿಸುತ್ತದೆ.

ವಾರಕ್ಕೊಮ್ಮೆ ಸೇವಿಸುವ ಹಾರ್ಮೋನುರಹಿತ ಮಾತ್ರೆ ನಮ್ಮ ದೇಶದ್ದೇ ಕೊಡುಗೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾಲಯದಲ್ಲಿ ರೂಪುಗೊಂಡ ಇದು 1991ರಲ್ಲಿ 'ಸಹೇಲಿ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಸರ್ಕಾರಿ ಕೇಂದ್ರಗಳಲ್ಲಿ ಇದರ ಹೆಸರು 'ಛಾಯಾ'. ಮೊದಲ ಮೂರು ತಿಂಗಳು ವಾರಕ್ಕೆ ಎರಡು ಸಲ, ಅನಂತರ ಒಂದು ಸಲ ಸೇವಿಸಬೇಕು. 'ಅಂತರಾ' ಎಂಬುದು ಮೂರು ತಿಂಗಳಿಗೊಮ್ಮೆ ಪಡೆಯುವ ಚುಚ್ಚುಮದ್ದು. ಇದನ್ನು ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ತಡವಾಗಬಹುದಾದ್ದರಿಂದ, ಬೇಗನೆ ಮಗುವನ್ನು ಬಯಸುವವರು ಮೊದಲೇ ವೈದ್ಯರೊಡನೆ ಮಾತನಾಡುವುದು ಲೇಸು. ತೋಳಿನ ಚರ್ಮದಡಿ ಇರಿಸುವ ಬೆಂಕಿಕಡ್ಡಿಯಷ್ಟು ಗಾತ್ರದ ಇಂಪ್ಲಾಂಟ್ ಮೂರು ವರ್ಷ ಕೆಲಸ ಮಾಡುತ್ತದೆ.

ಪ್ರತಿದಿನ ಸೇವಿಸುವ ಮಾತ್ರೆಗಳಲ್ಲಿ ಈಸ್ಟ್ರೋಜನ್ ಇರುವಂಥವು ಅಧಿಕ ರಕ್ತದೊತ್ತಡ ಇರುವವರಿಗೂ, ಧೂಮಪಾನ ಮಾಡುವ 35 ಮೀರಿದವರಿಗೂ ತಕ್ಕವಲ್ಲ. ಇನ್ನು 72 ಗಂಟೆಗಳೊಳಗೆ ಸೇವಿಸುವ ತುರ್ತು ಮಾತ್ರೆ ಹೆಸರಿಗೆ ತಕ್ಕಂತೆ ತುರ್ತಿಗಷ್ಟೇ ಮೀಸಲು; ಅದನ್ನು ನಿತ್ಯದ ಕ್ರಮವಾಗಿಸಿಕೊಳ್ಳಬಾರದು.

ಪುರುಷರ ಪಾಲು

ಪುರುಷರಿಗೆ ನಿರೋಧ್ ಮತ್ತು ವ್ಯಾಸೆಕ್ಟಮಿ, ಇವೆರಡೇ ಇಂದಿಗೂ ಮುಖ್ಯ ದಾರಿಗಳು. ಲೈಂಗಿಕ ರೋಗಗಳಿಂದಲೂ ರಕ್ಷಣೆ ನೀಡುವುದು ನಿರೋಧ್‌ನ ಹಿರಿಮೆ. ವ್ಯಾಸೆಕ್ಟಮಿಯಾದರೋ ಹಿಂದಿನಂತಿಲ್ಲ. 1974ರಲ್ಲಿ ಚೀನಾದ ವೈದ್ಯ ಲೀ ಶುನ್‌ಚಿಯಾಂಗ್ ರೂಪಿಸಿದ ಕ್ರಮದಲ್ಲಿ ಕತ್ತಿಯ ಗಾಯವಿಲ್ಲ, ಹೊಲಿಗೆಯಿಲ್ಲ. ಸಣ್ಣ ರಂಧ್ರದ ಮೂಲಕ ವೀರ್ಯನಾಳವನ್ನು ಮುಚ್ಚಲಾಗುತ್ತದೆ; ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಅರ್ಧ ಗಂಟೆಯೊಳಗೆ ಮುಗಿಸಿ, ಅಂದೇ ಮನೆಗೆ ಕಳುಹಿಸುತ್ತಾರೆ. ಹೊಟ್ಟೆಯನ್ನು ತೆರೆದು ಮಾಡುವ ಸ್ತ್ರೀಯರ ಶಸ್ತ್ರಚಿಕಿತ್ಸೆಗಿಂತ ಇದು ಸರಳ ಹಾಗೂ ಹೆಚ್ಚು ಸುರಕ್ಷಿತ.

ಇದರಿಂದ ಪುರುಷತ್ವ ಕುಂದುವುದೆಂಬ ಅಂಜಿಕೆಗೆ ಆಧಾರವಿಲ್ಲ. ಹಾರ್ಮೋನು ರಕ್ತದ ಮೂಲಕ ಹರಿಯುತ್ತದೆಯೇ ಹೊರತು ವೀರ್ಯನಾಳದ ಮೂಲಕವಲ್ಲ. ಆದುದರಿಂದ ದೇಹಬಲವಾಗಲಿ, ದಾಂಪತ್ಯಸುಖವಾಗಲಿ ಕಡಿಮೆಯಾಗದು. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಮೂರು ತಿಂಗಳ ನಂತರ ವೀರ್ಯ ಪರೀಕ್ಷೆಯಲ್ಲಿ ಖಚಿತವಾಗುವವರೆಗೆ ಬೇರೊಂದು ವಿಧಾನವನ್ನು ಬಳಸಲೇಬೇಕು. ಇದನ್ನು ಶಾಶ್ವತವೆಂದೇ ಭಾವಿಸಿ ನಿರ್ಧರಿಸಬೇಕು.

ಖರಗ್‌ಪುರ ಐ.ಐ.ಟಿ.ಯ ಪ್ರೊ. ಸುಜಯ್ ಗುಹಾ ಅವರು ರೂಪಿಸಿದ, ವೀರ್ಯನಾಳಕ್ಕೆ ನೀಡುವ ಚುಚ್ಚುಮದ್ದಿನ ಮೂರನೆಯ ಹಂತದ ಪ್ರಯೋಗದಲ್ಲಿ 303 ಪುರುಷರು ಪಾಲ್ಗೊಂಡಿದ್ದರು. 2023ರಲ್ಲಿ ಪ್ರಕಟವಾದ ಅದರ ಫಲಿತಾಂಶಗಳು ಆಶಾದಾಯಕವಾಗಿವೆ.

ಆಯ್ಕೆ ಇಬ್ಬರದೂ

ಎಲ್ಲರಿಗೂ ಹೊಂದುವ ಒಂದೇ ವಿಧಾನವಿಲ್ಲ. ವಯಸ್ಸು, ಆರೋಗ್ಯ, ಮಗುವಿಗೆ ಹಾಲೂಡಿಸುವ ಸ್ಥಿತಿ, ಮುಂದೆ ಮಗು ಬೇಕೇ ಬೇಡವೇ ಎಂಬುದನ್ನೆಲ್ಲ ತೂಗಿ ನೋಡಬೇಕು. ಅಹಮದಾಬಾದಿನ ಸಿವಿಲ್ ಆಸ್ಪತ್ರೆ, ವಡೋದರಾದ ಸಯಾಜಿ ಆಸ್ಪತ್ರೆ, ಸೂರತ್‌ನ ನ್ಯೂ ಸಿವಿಲ್ ಆಸ್ಪತ್ರೆಗಳ ಸ್ತ್ರೀರೋಗ ವಿಭಾಗಗಳಲ್ಲಿ ಈ ಕುರಿತು ಸಲಹೆ ಪಡೆಯಬಹುದು. ಅಲ್ಲಿಗೆ ಪತ್ನಿಯೊಬ್ಬಳನ್ನೇ ಕಳುಹಿಸದೆ ಪತಿಯೂ ಜೊತೆಗೆ ಹೋಗಬೇಕೆಂಬುದು ನಮ್ಮ ವಿನಂತಿ. ಹೆತ್ತು ಹೊತ್ತು ಸಾಕುವ ಕಷ್ಟವನ್ನು ಅವಳು ಈಗಾಗಲೇ ಉಂಡಿದ್ದಾಳೆ. ಕುಟುಂಬ ಪೂರ್ಣವಾಯಿತೆಂದು ಇಬ್ಬರೂ ಒಪ್ಪಿದ ಮೇಲೆ, ಅರ್ಧ ಗಂಟೆಯ ಈ ಸಣ್ಣ ಚಿಕಿತ್ಸೆಯ ಸರದಿ ತನ್ನದೆಂದು ಪತಿ ಮುಂದೆ ಬಂದರೆ ಅದು ಮನೆಗೂ ಹಿತ, ಸಮಾಜಕ್ಕೂ ಮಾದರಿ.