ಗೋವಿನ ಮದ್ದು, ಹದ್ದಿನ ಸಾವು



ಕಾರಹುಣ್ಣಿಮೆಯಂದು ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ ಪೂಜಿಸುವವರು ನಾವು. ಬಸವಣ್ಣನೆಂದು ಕರೆಯುವ ಆ ಮೂಕಪ್ರಾಣಿಗೆ ಜ್ವರ ಬಂದರೆ, ಕಾಲು ಊದಿದರೆ ಮನೆಯವರಿಗೆ ಅನ್ನ ಸೇರುವುದಿಲ್ಲ. ಕೂಡಲೇ ಮದ್ದು ಹಾಕಿಸುತ್ತೇವೆ. ಇದು ದಯೆ. ಆದರೆ ಅರಿವಿಲ್ಲದ ದಯೆಯಿಂದ ಮತ್ತೊಂದು ಜೀವಕುಲವೇ ಅಳಿವಿನ ಅಂಚಿಗೆ ಬಂದು ನಿಂತಿದೆ.

ಮಠಕ್ಕೆ ಬಂದಿದ್ದ ಹಿರಿಯ ರೈತರೊಬ್ಬರು ಕೇಳಿದರು: "ಬುದ್ಧೀ, ನಾವು ಹುಡುಗರಾಗಿದ್ದಾಗ ಊರಾಚೆ ದನ ಸತ್ತರೆ ರಣಹದ್ದುಗಳು ಹಿಂಡುಹಿಂಡಾಗಿ ಇಳಿಯುತ್ತಿದ್ದವು. ಈಗ ಒಂದೂ ಕಾಣುವುದಿಲ್ಲ. ಎಲ್ಲಿ ಹೋದವು?"

ಅವು ಎಲ್ಲಿಗೂ ಹೋಗಲಿಲ್ಲ, ಸತ್ತುಹೋದವು. ಒಂದು ಕಾಲಕ್ಕೆ ನಮ್ಮ ದೇಶದಲ್ಲಿ ಕೋಟಿಗಟ್ಟಲೆ ಇದ್ದವು. 1992ರಿಂದ 2007ರ ಒಳಗೆ ಬಿಳಿಬೆನ್ನಿನ ರಣಹದ್ದುಗಳಲ್ಲಿ ಶೇ. 99ಕ್ಕಿಂತ ಹೆಚ್ಚು ಇಲ್ಲವಾದವು. ಕಾರಣವೇನೆಂಬುದು 2004ರಲ್ಲಿ ತಿಳಿದುಬಂತು. ದನಗಳ ನೋವು, ಬಾವುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವೇ ಅದು. ಮದ್ದು ಪಡೆದ ದನ ಒಂದೆರಡು ದಿನಗಳಲ್ಲಿ ಸತ್ತರೆ ಅದರ ಮಾಂಸದಲ್ಲಿ ಔಷಧ ಉಳಿದಿರುತ್ತದೆ. ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು, ಕೆಲವೇ ದಿನಗಳಲ್ಲಿ ಪ್ರಾಣ ಹೋಗುತ್ತದೆ. ಒಂದು ಕಳೇಬರಕ್ಕೆ ಹತ್ತಾರು ಹದ್ದುಗಳು ಎರಗುವುದರಿಂದ, ನೂರರಲ್ಲಿ ಒಂದಕ್ಕಿಂತ ಕಡಿಮೆ ಕಳೇಬರಗಳಲ್ಲಿ ಈ ಔಷಧವಿದ್ದರೂ ಕುಲನಾಶಕ್ಕೆ ಸಾಕು. ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಹೋದದ್ದು ಬೇಗ ತುಂಬಿ ಬರುವುದಿಲ್ಲ.

ಹೆಣ ತಿನ್ನುವ ಅಪಶಕುನದ ಹಕ್ಕಿ ಹೋದರೆ ಹೋಗಲಿ ಎನ್ನುವವರೂ ಉಂಟು. ಅಂಗಳ ಗುಡಿಸುವ ಸತ್ಯಕ್ಕನ ಕಾಯಕವನ್ನು ಶರಣರು ಕೀಳೆಂದು ಎಣಿಸಲಿಲ್ಲ. ಊರ ಹೊರಗಿನ ಕೊಳೆಯನ್ನು ಕೂಲಿ ಕೇಳದೆ ತೊಳೆದ ಈ ಹಕ್ಕಿಯ ಕಾಯಕ ಕೀಳಾದೀತೇ? ಅದು ನಿಂತಾಗ ಕಳೇಬರಗಳು ಕೊಳೆತು ನಾರಿದವು. ಅವನ್ನು ತಿಂದು ಬೀದಿನಾಯಿಗಳು ಹೆಚ್ಚಿದವು. ನಾಯಿ ಕಚ್ಚಿ ರೇಬಿಸ್ ತಗಲುವ ಭಯವೂ ಹೆಚ್ಚಿತು. ಹದ್ದಿನ ಸಾವು ಕಡೆಗೆ ನಮ್ಮ ಮಕ್ಕಳ ಹೊಸ್ತಿಲಿಗೇ ಬಂತು.

ಸರ್ಕಾರ ಸುಮ್ಮನೆ ಕೂರಲಿಲ್ಲ. 2006ರಲ್ಲಿ ದನಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ನಿಷೇಧಿಸಿತು. ಆದರೂ ಮನುಷ್ಯರಿಗೆಂದು ತಯಾರಾದ ದೊಡ್ಡ ಬಾಟಲಿಗಳು ಕದ್ದುಮುಚ್ಚಿ ಕೊಟ್ಟಿಗೆ ಸೇರಿದವು. ಆದ್ದರಿಂದ 2015ರಲ್ಲಿ ಆ ಬಾಟಲಿಯನ್ನು ಒಂದೇ ಸಲದ 3 ಮಿಲಿ ಲೀಟರಿಗೆ ಇಳಿಸಲಾಯಿತು. ಹದ್ದುಗಳಿಗೆ ವಿಷವಾಗುವ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್ ಔಷಧಗಳನ್ನೂ 2023ರಲ್ಲಿ ಪಶುಗಳಿಗೆ ನಿಷೇಧಿಸಲಾಯಿತು. ನಮ್ಮ ನಾಡಿನಲ್ಲಿ ರಾಮನಗರದ ರಾಮದೇವರಬೆಟ್ಟವು 2012ರಲ್ಲಿ ರಣಹದ್ದುಗಳ ಧಾಮವಾಯಿತು. ಅಲ್ಲಿನ ಬಂಡೆಗಳ ಮೇಲೆ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ.

ಆದರೆ ಕಾಯಿದೆ ಇರುವುದು ಕಾಗದದ ಮೇಲೆ, ಸೂಜಿ ಇರುವುದು ನಮ್ಮ ಕೊಟ್ಟಿಗೆಯಲ್ಲಿ. ಹಾಗೆಂದು ರೋಗಪೀಡಿತ ಪಶುವನ್ನು ನರಳಲು ಬಿಡಿರೆಂದು ನಾವು ಹೇಳುವುದಿಲ್ಲ. ಅದೇ ನೋವಿಗೆ ಮೆಲಾಕ್ಸಿಕ್ಯಾಂ ಎಂಬ ಮದ್ದುಂಟು. ಅದು ಹದ್ದಿಗೆ ಕೇಡು ಮಾಡದು. ಪಶುವೈದ್ಯರನ್ನು ಕೇಳಿ ಅದನ್ನೇ ಹಾಕಿಸಿರಿ. ಮನುಷ್ಯರ ಮದ್ದನ್ನು ದನಕ್ಕೆ ಚುಚ್ಚಿಸಬೇಡಿರಿ. ಬೇರೆ ನೋವಿನ ಮದ್ದು ಪಡೆದ ದನ ಸತ್ತರೆ ಬಯಲಿಗೆ ಎಸೆಯದೆ ಆಳವಾಗಿ ಹೂಳಿರಿ. ಚಿರತೆ, ನಾಯಿಗಳ ಮೇಲಿನ ಸಿಟ್ಟಿನಿಂದ ಕಳೇಬರಕ್ಕೆ ವಿಷ ಬೆರೆಸಬೇಡಿರಿ. ಅದನ್ನು ಮೊದಲು ತಿನ್ನುವುದು ಯಾವ ಜೀವವೋ ಬಲ್ಲವರಾರು? ನಿಷೇಧಿತ ಔಷಧ ಊರಿನ ಅಂಗಡಿಯಲ್ಲಿ ಮಾರಾಟವಾಗುತ್ತಿದ್ದರೆ ಪಂಚಾಯಿತಿ ಹಿರಿಯರು ಅಧಿಕಾರಿಗಳಿಗೆ ತಿಳಿಸಬೇಕು. ಅಂಗಡಿಗಳನ್ನು ತಪಾಸಣೆ ಮಾಡುವುದು ಅಧಿಕಾರಿಗಳ ಹೊಣೆ.

ಕಣ್ಣೆದುರಿನ ಜೀವಕ್ಕೆ ಮರುಗುವುದು ಸುಲಭ. ನಮ್ಮ ಕೈಯ ಕೆಲಸ ಕಾಣದ ಜೀವವನ್ನು ಹೇಗೆ ತಟ್ಟುವುದೆಂದು ಯೋಚಿಸುವುದು ಕಷ್ಟ. ಅದನ್ನೂ ಯೋಚಿಸಿದಾಗಲೇ ದಯೆಯು ಧರ್ಮವಾಗುತ್ತದೆ. ಬಸವನನ್ನು ಪೂಜಿಸುವ ಕೈ ಹದ್ದನ್ನೂ ಕಾಯಲಿ. ಆ ಅರಿವನ್ನು ಶಿವನು ಸಕಲರಿಗೂ ಕರುಣಿಸಲಿ.