ನಿಮಗಿದು ಗೊತ್ತೇ? ಅಲ್ಲ, ನಿಮಗಿದು ಗೊತ್ತಿತ್ತೇ?

‘ನಿಮಗಿದು ಗೊತ್ತೇ?’ ಎಂದು ಓದುಗರನ್ನು ಕೇಳಿದರೆ ಅದು ಅಂಕಣ. ‘ನಿಮಗಿದು ಗೊತ್ತಿತ್ತೇ?’ ಎಂದು ಮಂತ್ರಿಯನ್ನು ಕೇಳಿದರೆ ಅದು ವಿಚಾರಣೆ. ಮನುಷ್ಯರನ್ನು ಗುಟ್ಟಾಗಿ ಹಿಡಿದು, ಗುಟ್ಟಾಗಿ ಕೂಡಿಹಾಕಿ, ಗುಟ್ಟಾಗಿ ಗಡಿ ದಾಟಿಸಿದ ಕಥೆಗಳಲ್ಲೆಲ್ಲ ಕೊನೆಗೆ ಉಳಿಯುವುದು ಈ ಎರಡನೆಯ ಪ್ರಶ್ನೆಯೇ. ಈ ಸಲದ ಸಂಗತಿಗಳು ಆ ಬಗೆಯವು. ಕೋಲಾರದ ಸುತ್ತಮುತ್ತಲಿಂದ ಶುರುಮಾಡಿ ಸಮುದ್ರ ದಾಟಿ ವಾಪಸ್ಸು ಬರೋಣ.

ಶಂಕಿತನೊಬ್ಬನನ್ನು ಕೋರ್ಟಿಗೆ ತೋರಿಸದೆ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಸಾಗಿಸುವುದಕ್ಕೆ ಇಂಗ್ಲಿಷಿನವರು ಇಟ್ಟ ಹೆಸರು ‘ರೆಂಡಿಷನ್’. ಅದೇ ಪದ ನಮ್ಮ ಚರಿತ್ರೆಯ ಪುಸ್ತಕದಲ್ಲೂ ಇದೆ, ಆದರೆ ಮಂಗಳಕರವಾಗಿ! 1831ರಲ್ಲಿ ಕೈಗೆ ತೆಗೆದುಕೊಂಡ ಮೈಸೂರನ್ನು ಬ್ರಿಟಿಷರು 1881ರ ಮಾರ್ಚ್ 25ರಂದು ಹತ್ತನೆಯ ಚಾಮರಾಜ ಒಡೆಯರಿಗೆ ಮರಳಿಸಿದ್ದೇ ‘ರೆಂಡಿಷನ್ ಆಫ್ ಮೈಸೂರ್’. ಅಂದು ಕೋಲಾರ ಜಿಲ್ಲೆಯೂ ಹೀಗೆ ‘ರೆಂಡಿಷನ್’ ಆಯಿತು. ಪಾಪ, ಯಾರೂ ಅದರ ಕಣ್ಣಿಗೆ ಬಟ್ಟೆ ಕಟ್ಟಲಿಲ್ಲ.

ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರಿಗೆ 1983ರ ಜ್ಞಾನಪೀಠ ತಂದ ‘ಚಿಕವೀರ ರಾಜೇಂದ್ರ’ ಕಾದಂಬರಿಯ ನಾಯಕ, ಸರ್ಕಾರವೊಂದು ಎತ್ತಿಕೊಂಡು ಹೋದ ಮನುಷ್ಯ. 1834ರಲ್ಲಿ ಕೊಡಗನ್ನು ಕಸಿದ ಈಸ್ಟ್ ಇಂಡಿಯಾ ಕಂಪನಿ, ಅರಸನನ್ನು ಮೊದಲು ವೇಲೂರಿಗೆ, ಆಮೇಲೆ ಕಾಶಿಗೆ ಸಾಗಿಸಿತು. ಮೊಕದ್ದಮೆ ಇಲ್ಲ, ತೀರ್ಪು ಇಲ್ಲ. 1852ರಲ್ಲಿ ಅವನೇ ಲಂಡನ್ನಿಗೆ ಹೋಗಿ ಕಂಪನಿಯ ಮೇಲೆ ದಾವೆ ಹಾಕಿದ. 1859ರಲ್ಲಿ ಅಲ್ಲೇ ತೀರಿಕೊಂಡ.

ವೇಲೂರಿನ ಕೋಟೆಗೆ ಇಂಥ ಅತಿಥಿಗಳು ಹೊಸಬರಲ್ಲ. ಹೈದರಾಲಿ ಹುಟ್ಟಿದ್ದು ನಮ್ಮ ಬೂದಿಕೋಟೆಯಲ್ಲಿ. 1799ರ ನಂತರ ಅವನ ಮೊಮ್ಮಕ್ಕಳು, ಅಂದರೆ ಟಿಪ್ಪುವಿನ ಮಕ್ಕಳು, ಇದ್ದದ್ದು ಆ ಕೋಟೆಯಲ್ಲಿ. ಸಿಂಹಳದ ಕೊನೆಯ ಅರಸ ಶ್ರೀವಿಕ್ರಮ ರಾಜಸಿಂಹ ಸತ್ತದ್ದೂ ಅಲ್ಲೇ, 1832ರಲ್ಲಿ.

ಇನ್ನು ಪಾರ್ಲಿಮೆಂಟಿನ ಮಾತು. ನಂಗಲಿ ದಾಟಿದರೆ, ರಾಯಲ್ಪಾಡು ದಾಟಿದರೆ ಇವತ್ತು ಆಂಧ್ರ. ಹಿಂದೆ ಅದು ಮದ್ರಾಸ್ ಪ್ರಾಂತ್ಯ, ಕಂಪನಿಯ ನೇರ ಆಳ್ವಿಕೆ. ಅತ್ತ ಮಾಲೂರಿನ ಕೆಳಗಿನ ಹೊಸೂರೂ ಅಷ್ಟೇ. ಅಲ್ಲಿ ಕಂದಾಯ ವಸೂಲಿಗೆ ರೈತರಿಗೆ ಚಿತ್ರಹಿಂಸೆ ಕೊಡುತ್ತಾರೆಂಬ ದೂರು 1854ರ ಜುಲೈನಲ್ಲಿ ಲಂಡನ್ನಿನ ಕಾಮನ್ಸ್ ಸಭೆಯಲ್ಲಿ ಎದ್ದಿತು. ಗದ್ದಲ ತಾಳಲಾರದೆ ಮೂವರ ಆಯೋಗ ನೇಮಕವಾಯಿತು: ಎಲಿಯಟ್, ಸ್ಟೋಕ್ಸ್, ನಾರ್ಟನ್. ಸುದ್ದಿ ಹಬ್ಬಿದ್ದೇ ತಡ, 1,959 ದೂರುಗಳು ಬಂದವು. ಬೆರಳುಗಳನ್ನು ಎರಡು ಕೋಲಿನ ನಡುವೆ ಸಿಕ್ಕಿಸಿ ಒತ್ತುವ ‘ಕಿಟ್ಟಿ’, ಮನುಷ್ಯನನ್ನು ಬಗ್ಗಿಸಿ ತಲೆಯನ್ನು ಕಾಲಿಗೆ ಸೇರಿಸಿ ಕಟ್ಟುವ ಪದ್ಧತಿ, ಎಲ್ಲವೂ ವರದಿಯಲ್ಲಿ ಹೆಸರು ಸಮೇತ ದಾಖಲಾದವು.

1855ರ ಆ ವರದಿ ಹಿಂಸೆ ನಡೆದದ್ದು ನಿಜವೆಂದು ಒಪ್ಪಿತು. ತಪ್ಪು ಯಾರದು ಎಂದರೆ, ಕೆಳಗಿನ ದೇಶೀ ನೌಕರರದು. ಬಿಳಿಯ ಅಧಿಕಾರಿಗಳ ಸಮ್ಮತಿ ಇರಲಿಲ್ಲ. ಈ ವಾದವನ್ನು ಎರಡು ವರ್ಷದ ಮೇಲೆ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಜಾಲಾಡಿದ ಅಂಕಣಕಾರನ ಹೆಸರು ಕಾರ್ಲ್ ಮಾರ್ಕ್ಸ್! ಲೇಖನ ಅಚ್ಚಾದದ್ದು 1857ರ ಸೆಪ್ಟೆಂಬರ್ 17ರಂದು, ಇತ್ತ ಸಿಪಾಯಿ ದಂಗೆ ಉರಿಯುತ್ತಿದ್ದಾಗ. ಕೆಳಗಿನವನು ಮಾಡಿದ, ಮೇಲಿನವನಿಗೆ ಗೊತ್ತಿರಲಿಲ್ಲ: ಈ ಸಾಲನ್ನು ನೆನಪಿಟ್ಟುಕೊಳ್ಳಿ, ಮತ್ತೆ ಮತ್ತೆ ಎದುರಾಗುತ್ತದೆ.

1975ರ ಜೂನ್ 26. ತುರ್ತು ಪರಿಸ್ಥಿತಿಯ ಮೊದಲ ಬೆಳಗ್ಗೆ ಬೆಂಗಳೂರಿನಲ್ಲಿ ಬಂಧನವಾದ ಅಟಲ್ ಬಿಹಾರಿ ವಾಜಪೇಯಿ, ಎಲ್. ಕೆ. ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಇಲ್ಲಿಗೆ ಬಂದದ್ದೇಕೆ ಗೊತ್ತೇ? ಸಂಸತ್ತಿನ ಜಂಟಿ ಸಮಿತಿಯ ಕೆಲಸಕ್ಕೆ. ವಿಷಯ, ಪಕ್ಷಾಂತರ ನಿಷೇಧ ಮಸೂದೆ. ಪಕ್ಷ ಬಿಟ್ಟು ಓಡುವವರನ್ನು ಕಟ್ಟಿಹಾಕುವುದು ಹೇಗೆಂದು ಚರ್ಚಿಸಲು ಬಂದವರನ್ನೇ ಕಟ್ಟಿ ಸೆಂಟ್ರಲ್ ಜೈಲಿಗೆ ಕಳಿಸಿದರು. (ಪಕ್ಷಾಂತರ ನಿಷೇಧ ಜಾರಿಗೆ ಬಂದದ್ದು ಇನ್ನೂ ಹತ್ತು ವರ್ಷ ಕಳೆದು, 1985ರಲ್ಲಿ. ಆಮೇಲೂ ಓಡುವವರು ಓಡುತ್ತಲೇ ಇದ್ದಾರೆ, ಈಗ ರೆಸಾರ್ಟಿಗೆ.)

ಸಂಸದನನ್ನು ಗುಟ್ಟಾಗಿ ಬಂಧಿಸುವಂತಿಲ್ಲ. ಹಿಡಿದ ಕೂಡಲೇ ಕಾರಣವನ್ನೂ ಇಟ್ಟ ಜಾಗವನ್ನೂ ಸ್ಪೀಕರ್‌ಗೆ ತಿಳಿಸಬೇಕೆಂಬುದು ಲೋಕಸಭೆಯ 229ನೆಯ ನಿಯಮ. ಸಾಮಾನ್ಯನಿಗೆ ಅಂಥ ಸ್ಪೀಕರ್ ಇಲ್ಲ. ಅವನಿಗಿರುವುದು ಠಾಣೆಯ ಡೈರಿ.

ಆ ಡೈರಿ ಎಷ್ಟು ಸುಳ್ಳು ಹೇಳಬಲ್ಲದು ಎಂಬುದಕ್ಕೆ ಬೆಂಗಳೂರಿನದೇ ಸಾಕ್ಷಿ. ಭೂಗತರಾಗಿದ್ದ ಜಾರ್ಜ್ ಫರ್ನಾಂಡಿಸ್ ಎಲ್ಲಿದ್ದಾರೆಂದು ಬಾಯಿಬಿಡಿಸಲು ಅವರ ತಮ್ಮ ಲಾರೆನ್ಸ್ ಫರ್ನಾಂಡಿಸರನ್ನು 1976ರ ಮೇ 1ರ ರಾತ್ರಿ ಮನೆಯಿಂದ ಎಳೆದೊಯ್ದರು. ಹಿಂಸೆ ಯಾವ ಮಟ್ಟದ್ದೆಂದರೆ ಆಮೇಲೆ ನೆಟ್ಟಗೆ ನಡೆಯಲಾಗಲಿಲ್ಲ. ಕಾಗದದಲ್ಲಿ ಮಾತ್ರ ಅವರು ಸಿಕ್ಕಿದ್ದು ಎಷ್ಟೋ ದಿನ ಕಳೆದು, ದೂರದ ದಾವಣಗೆರೆಯಲ್ಲಿ! ಹಿಡಿದ ದಿನಕ್ಕೂ ಬರೆದ ದಿನಕ್ಕೂ ನಡುವೆ ಇರುವ ಆ ಖಾಲಿ ಜಾಗವೇ ರಹಸ್ಯ ಬಂಧನ. ಅದಕ್ಕೆ ಬೇರೆ ಕತ್ತಲಕೋಣೆ ಬೇಕಾಗಿಲ್ಲ.

ಲಾರೆನ್ಸರನ್ನು ಒಯ್ದ ಮರುದಿನ, ಮೇ 2ರಂದು ಹಿಡಿದದ್ದು ‘ಸಂಸ್ಕಾರ’ ಚಿತ್ರದ ಚಂದ್ರಿ, ಸ್ನೇಹಲತಾ ರೆಡ್ಡಿಯವರನ್ನು. ಆಸ್ತಮಾ ರೋಗಿ. ಎಂಟು ತಿಂಗಳು ಸೆರೆ. 1977ರ ಜನವರಿ 15ರಂದು ಬಿಟ್ಟರು, 20ರಂದು ಕಣ್ಣುಮುಚ್ಚಿದರು.

ತುರ್ತು ಪರಿಸ್ಥಿತಿಯ ಅತಿರೇಕಗಳ ವಿಚಾರಣೆ ನಡೆಸಿದ ಷಾ ಆಯೋಗದ ಲೆಕ್ಕ: ಆಗ ಆಂತರಿಕ ಭದ್ರತಾ ಕಾಯ್ದೆಯಾದ ಮೀಸಾ ಅಡಿ ಬಂಧಿತರು ದೇಶದಲ್ಲಿ 34,988, ಕರ್ನಾಟಕದಲ್ಲಿ 487. ಭಾರತ ರಕ್ಷಣಾ ನಿಯಮಗಳ ಅಡಿ ಇಲ್ಲಿ ಇನ್ನೂ 4,015. ಏಕೆ ಹಿಡಿದಿದ್ದೀರಿ ಎಂಬುದನ್ನು ಕೋರ್ಟಿಗೂ ಹೇಳಬೇಕಿಲ್ಲವೆಂದು ಮೀಸಾಕ್ಕೆ ತಿದ್ದುಪಡಿ ಬಂದಿತ್ತು.

ಆದರೂ ಒಂಬತ್ತು ಹೈಕೋರ್ಟುಗಳು ಬಂಧಿತರ ಅರ್ಜಿ ಕೇಳುತ್ತೇವೆ ಎಂದವು. ಅವುಗಳಲ್ಲಿ ನಮ್ಮದೂ ಒಂದು. ಬಹುಮಾನವಾಗಿ ನ್ಯಾಯಮೂರ್ತಿ ಡಿ. ಎಂ. ಚಂದ್ರಶೇಖರ್ ಅವರಿಗೆ ಅಲಹಾಬಾದಿಗೆ, ಸದಾನಂದಸ್ವಾಮಿಯವರಿಗೆ ಗುವಾಹಟಿಗೆ ವರ್ಗ! ಒಂಬತ್ತೂ ತೀರ್ಪುಗಳನ್ನು ಸುಪ್ರೀಂ ಕೋರ್ಟ್ 1976ರ ಏಪ್ರಿಲ್ 28ರಂದು ಹೊಡೆದುಹಾಕಿತು, ಎಚ್. ಆರ್. ಖನ್ನಾ ಒಬ್ಬರದೇ ಭಿನ್ನಮತ. ಆ ತೀರ್ಪು ಅಧಿಕೃತವಾಗಿ ಸತ್ತದ್ದು 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಆಧಾರ್ ಮೊಕದ್ದಮೆಯಲ್ಲಿ. ಹಳೆಯ ತೀರ್ಪು ಬರೆದವರಲ್ಲಿ ವೈ. ವಿ. ಚಂದ್ರಚೂಡರಿದ್ದರು, ಅದನ್ನು ಅಳಿಸಿದವರಲ್ಲಿ ಅವರ ಮಗ ಡಿ. ವೈ. ಚಂದ್ರಚೂಡರಿದ್ದರು.

ಮುಳಬಾಗಿಲಿನ ಡಿ. ವಿ. ಗುಂಡಪ್ಪನವರನ್ನು ನಾವು ಕಗ್ಗಕ್ಕಷ್ಟೇ ಕಟ್ಟಿಹಾಕಿದ್ದೇವೆ. ಆಯುಸ್ಸಿನ ದೊಡ್ಡ ಪಾಲು ಅವರು ಬರೆದದ್ದು ಪತ್ರಿಕೆಗೆ, ಯೋಚಿಸಿದ್ದು ರಾಜ್ಯಾಂಗದ ಬಗ್ಗೆ. ಅವರು ತೀರಿಕೊಂಡದ್ದು 1975ರ ಅಕ್ಟೋಬರ್ 7ರಂದು, ತುರ್ತು ಪರಿಸ್ಥಿತಿಯಲ್ಲಿ ಪತ್ರಿಕೆಗಳ ಬಾಯಿಗೆ ಬೀಗ ಬಿದ್ದು ನಾಲ್ಕನೆಯ ತಿಂಗಳಲ್ಲಿ.

ರಹಸ್ಯ ಬಂಧನದ ಕಥೆಗಳಲ್ಲಿ ಪಕ್ಕದ ಕೇರಳದ್ದು ಇನ್ನೂ ಘೋರ. ಕಲ್ಲಿಕೋಟೆಯ ಎಂಜಿನಿಯರಿಂಗ್ ವಿದ್ಯಾರ್ಥಿ ರಾಜನ್ 1976ರ ಮಾರ್ಚ್ 1ರಂದು ಪೊಲೀಸರ ಕೈಗೆ ಸಿಕ್ಕ. ಕಕ್ಕಯಂ ಎಂಬ ಕ್ಯಾಂಪಿನಲ್ಲಿ ಸತ್ತ. ಹೆಣವೂ ಸಿಗಲಿಲ್ಲ. ತಂದೆ ಈಚರ ವಾರಿಯರ್ ಹೈಕೋರ್ಟಿಗೆ ಹೋದಾಗ ಸರ್ಕಾರ ‘ಹಿಡಿದೇ ಇಲ್ಲ’ ಎಂದಿತು. ಕೋರ್ಟು ನಂಬಲಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಗೃಹಮಂತ್ರಿಯಾಗಿದ್ದ ಕರುಣಾಕರನ್ ಮುಖ್ಯಮಂತ್ರಿಯಾಗಿ ಒಂದು ತಿಂಗಳಿಗೇ, 1977ರ ಏಪ್ರಿಲ್ 25ರಂದು ರಾಜೀನಾಮೆ ಕೊಡಬೇಕಾಯಿತು. ಗೊತ್ತಿರಲಿಲ್ಲ ಎಂಬ ಮಾತು ಕುರ್ಚಿ ಉಳಿಸದ ಅಪರೂಪದ ಉದಾಹರಣೆ.

ಲೋಕಸಭೆಯೇ ಒಬ್ಬ ಮಾಜಿ ಪ್ರಧಾನಿಯನ್ನು ಜೈಲಿಗೆ ಕಳಿಸಿದ್ದು ಗೊತ್ತೇ? ಮಾರುತಿ ಕಂಪನಿ ಬಗ್ಗೆ ಸದನದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಕಿರುಕುಳ ಕೊಟ್ಟು, ಸುಳ್ಳು ಕೇಸು ಹಾಕಿಸಿದರೆಂದು ಹಕ್ಕುಬಾಧ್ಯತಾ ಸಮಿತಿ ಇಂದಿರಾ ಗಾಂಧಿಯವರನ್ನು ತಪ್ಪಿತಸ್ಥರೆಂದಿತು. 1978ರ ಡಿಸೆಂಬರ್ 19ರಂದು ಸದಸ್ಯತ್ವ ರದ್ದು, ತಿಹಾರ್ ಜೈಲು. ಆಗ ಅವರು ಪ್ರತಿನಿಧಿಸುತ್ತಿದ್ದದ್ದು ಚಿಕ್ಕಮಗಳೂರು. ಪೀಠದಲ್ಲಿ ಕೂತಿದ್ದ ಸ್ಪೀಕರ್ ಕೆ. ಎಸ್. ಹೆಗ್ಡೆ, ಬೆಂಗಳೂರು ದಕ್ಷಿಣದ ಸಂಸದ. ಹಿಂದೆ ಇಂದಿರಾ ಸರ್ಕಾರ ಹಿರಿತನ ಕಡೆಗಣಿಸಿದಾಗ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಎಸೆದು ಬಂದವರು. ಕನ್ನಡ ನಾಡಿನ ಎರಡು ಕ್ಷೇತ್ರಗಳು ಹೀಗೆ ದಿಲ್ಲಿಯಲ್ಲಿ ಎದುರುಬದುರಾದವು. 1981ರಲ್ಲಿ ಹೊಸ ಲೋಕಸಭೆ ಆ ನಿರ್ಣಯವನ್ನೇ ಅಳಿಸಿಹಾಕಿತು.

ಷಾ ಆಯೋಗದ ಮೂರು ಸಂಪುಟಗಳೂ 1980ರ ನಂತರ ಕಣ್ಮರೆಯಾದವು. ಮಾಜಿ ಸಂಸದ ಇರಾ ಸೆಳಿಯನ್ ತಮ್ಮ ಬಳಿಯಿದ್ದ ಪ್ರತಿಯಿಂದ 2010ರಲ್ಲಿ ಮರುಮುದ್ರಿಸಿದರು. ಕೂಡಿಹಾಕುವುದು ಮನುಷ್ಯರನ್ನಷ್ಟೇ ಅಲ್ಲ ಅನ್ನಿ.

ಕಾಡುಗಳ್ಳ ವೀರಪ್ಪನ್ ಬೇಟೆಯ ಕಾಲದಲ್ಲಿ ತಮಿಳುನಾಡಿನ ಕಾಡಂಚಿನ ಎಷ್ಟೋ ಹಳ್ಳಿಗರು ಗಡಿ ದಾಟಿ ಮೈಸೂರು ಜೈಲಿನಲ್ಲಿ ಟಾಡಾ ಎಂಬ ಭಯೋತ್ಪಾದನಾ ತಡೆ ಕಾಯ್ದೆಯ ಕೈದಿಗಳಾದರು. ಮಲೆ ಮಹದೇಶ್ವರ ಬೆಟ್ಟದ ಹಿಂಸಾಕೇಂದ್ರಕ್ಕೆ ಅವರ ಬಾಯಲ್ಲಿ ಇದ್ದ ಹೆಸರು ‘ವರ್ಕ್‌ಶಾಪ್’. 2001ರಲ್ಲಿ ಬಹುಪಾಲು ಮಂದಿ ಖುಲಾಸೆಯಾದರು, ಎಂಟು ವರ್ಷ ಕಳೆದ ಮೇಲೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಎ. ಜೆ. ಸದಾಶಿವ ಸಮಿತಿಯ ವರದಿ ಆಧರಿಸಿ 2007ರಲ್ಲಿ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರಕ್ಕೆ ಆದೇಶವಾಯಿತು.

ಈಗ ಸಮುದ್ರ ದಾಟೋಣ, ಮೊದಲು ಹೇಳಿದ ಆ ಮಂಗಳಕರವಲ್ಲದ ‘ರೆಂಡಿಷನ್’ ಕಡೆಗೆ. 2001ರಿಂದ 2005ರ ನಡುವೆ ಯುರೋಪಿನ ಆಕಾಶದಲ್ಲಿ ಅಮೆರಿಕದ ಸಿಐಎ ನಡೆಸಿದ ಹಾರಾಟಗಳ ಸಂಖ್ಯೆ ಕನಿಷ್ಠ 1,245 ಎಂದದ್ದು ಯುರೋಪಿಯನ್ ಪಾರ್ಲಿಮೆಂಟಿನ 2007ರ ವರದಿ. ಸಿಐಎಯ ಗುಪ್ತ ಸೆರೆಮನೆ ತಮ್ಮಲ್ಲಿತ್ತೇ ಎಂದು ಲಿಥುವೇನಿಯಾದ ಸಂಸತ್ತು 2009ರಲ್ಲಿ ಹುಡುಕಿದಾಗ ಸಿಕ್ಕ ಜಾಗಗಳಲ್ಲಿ ಒಂದು, ರಾಜಧಾನಿ ಹೊರವಲಯದ ಹಳೆಯ ಕುದುರೆ ಸವಾರಿ ಶಾಲೆ! ಅಮೆರಿಕದ ಸೆನೆಟ್ ಸಮಿತಿ 2014ರಲ್ಲಿ ಎಣಿಸಿದ ಸಿಐಎ ಬಂಧಿತರು 119. ಅವರಲ್ಲಿ 26 ಮಂದಿಯನ್ನು ಹಿಡಿದದ್ದೇ ತಪ್ಪು. ಕೆನಡಾದ ಮಾಹೆರ್ ಅರಾರ್ ಎಂಬ ಎಂಜಿನಿಯರನ್ನು ಅಮೆರಿಕ ಸಿರಿಯಾಕ್ಕೆ ಸಾಗಿಸಿತು, ಕೆನಡಾ ಪೊಲೀಸರು ಕೊಟ್ಟ ತಪ್ಪು ಮಾಹಿತಿ ಹಿಡಿದು. 2007ರಲ್ಲಿ ಕೆನಡಾ ಪ್ರಧಾನಿ ಕ್ಷಮೆ ಕೇಳಿ 1.05 ಕೋಟಿ ಡಾಲರ್ ಕೊಟ್ಟರು.

ಬ್ರಿಟನ್ನಿನ ಸಂಸದೀಯ ಗುಪ್ತಚರ ಸಮಿತಿಯ 2018ರ ವರದಿಯಲ್ಲಿ ಒಂದು ಅಂಕಿ ಕಣ್ಣಿಗೆ ಚುಚ್ಚುತ್ತದೆ. ಬಂಧಿತನಿಗೆ ಹಿಂಸೆಯಾಗುತ್ತಿದೆ ಎಂದು ತಿಳಿದೋ ಅನುಮಾನ ಬಂದೋ ಆದ ಮೇಲೂ ಬ್ರಿಟಿಷ್ ಗುಪ್ತಚರರು ಪ್ರಶ್ನೆಗಳನ್ನೋ ಮಾಹಿತಿಯನ್ನೋ ಕಳಿಸುತ್ತಲೇ ಇದ್ದ ಪ್ರಕರಣಗಳು 232. ಹೊಡೆಯುವ ಕೈ ಬೇರೆಯವರದು, ಪ್ರಶ್ನೆಪತ್ರಿಕೆ ಮಾತ್ರ ಇವರದು. ಸಮಿತಿ ಇನ್ನೂ ಮುಂದೆ ಹೋಗಬೇಕೆಂದಿತ್ತು; ಅಧಿಕಾರಿಗಳನ್ನು ಪ್ರಶ್ನಿಸಲು ಸರ್ಕಾರ ಬಿಡಲಿಲ್ಲ. ಅಧ್ಯಕ್ಷ ಡೊಮಿನಿಕ್ ಗ್ರೀವ್ ಅಲ್ಲಿಗೇ ಕಡತ ಮುಚ್ಚಿದರು.

ಹಿಂದೂ ಮಹಾಸಾಗರದ ಡಿಯಾಗೊ ಗಾರ್ಸಿಯಾ ದ್ವೀಪದಲ್ಲಿ ಇಂಥ ವಿಮಾನ ಇಳಿದೇ ಇಲ್ಲ ಎಂದಿದ್ದ ಬ್ರಿಟನ್, 2002ರಲ್ಲಿ ಎರಡು ಇಳಿದಿದ್ದವು ಎಂದು 2008ರಲ್ಲಿ ಒಪ್ಪಿತು. ದಾಖಲೆ ಕೇಳಿದರೆ 2014ರಲ್ಲಿ ಬಂದ ಉತ್ತರ: ನೀರಿಗೆ ನೆನೆದು ಹಾಳಾಗಿವೆ. ಕೆಲವೇ ದಿನಗಳಲ್ಲಿ ಮಾತು ಬದಲು: ಒಣಗಿವೆ, ಏನೂ ಆಗಿಲ್ಲ. ಕೆರೆಗಳೇ ಒಣಗಿ ನಿಂತಿದ್ದ ಕೋಲಾರದಲ್ಲಿ ಈ ನೆಪ ಹೇಳುವ ಧೈರ್ಯ ಯಾವ ಗುಮಾಸ್ತನಿಗೂ ಬಂದಿರಲಾರದು.

ನಮ್ಮವರೂ ಈ ಬಲೆಗೆ ಸಿಕ್ಕಿದ್ದುಂಟು. ಮೂಡಿಗೆರೆಯ ಡಾ. ಮೊಹಮ್ಮದ್ ಹನೀಫ್ 2007ರ ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿತರಾಗಿ, ಆರೋಪವೇ ಇಲ್ಲದೆ 12 ದಿನ ಕೂತರು. ಕಾನೂನಿನ ಮಿತಿ 24 ಗಂಟೆ ವಿಚಾರಣೆ. ಆದರೆ ನಡುವಿನ ವಿರಾಮ ಲೆಕ್ಕಕ್ಕಿಲ್ಲ! ಅವರು ಸೋದರ ಸಂಬಂಧಿಗೆ ಬಿಟ್ಟುಬಂದಿದ್ದ ಸಿಮ್ ಕಾರ್ಡ್ ಗ್ಲಾಸ್ಗೋ ವಿಮಾನ ನಿಲ್ದಾಣದ ಮೇಲಿನ ಭಯೋತ್ಪಾದಕ ದಾಳಿಯಲ್ಲಿ ಉರಿದ ಜೀಪಿನಲ್ಲಿ ಸಿಕ್ಕಿತೆಂದರು. ಅದಿದ್ದದ್ದು ಲಿವರ್‌ಪೂಲಿನಲ್ಲಿ. ಜಾಮೀನು ಸಿಕ್ಕ ದಿನವೇ ಮಂತ್ರಿ ವೀಸಾ ರದ್ದು ಮಾಡಿದರು. ಜುಲೈ 27ಕ್ಕೆ ಕೇಸು ಬಿತ್ತು, 29ಕ್ಕೆ ಬೆಂಗಳೂರು. ಕ್ಲಾರ್ಕ್ ವಿಚಾರಣಾ ವರದಿಯ ನಂತರ ಆಸ್ಟ್ರೇಲಿಯದ ಸಂಸತ್ತು 2010ರಲ್ಲಿ ಆ ‘ಲೆಕ್ಕಕ್ಕಿಲ್ಲದ ಸಮಯ’ಕ್ಕೆ ಏಳು ದಿನದ ಮಿತಿ ಹಾಕಿತು. ಒಬ್ಬ ಕನ್ನಡ ನಾಡಿನ ವೈದ್ಯನ ದೆಸೆಯಿಂದ ಒಂದು ಖಂಡದ ಕಾನೂನು ತಿದ್ದುಪಡಿಯಾಯಿತು.

ನಮ್ಮ ಸಂಸತ್ತು? ರಾ, ಐಬಿ ಸಂಸ್ಥೆಗಳನ್ನು ಕೂರಿಸಿ ಪ್ರಶ್ನಿಸುವ ಸಮಿತಿ ಇಲ್ಲಿಲ್ಲ. ಚಿತ್ರಹಿಂಸೆ ತಡೆ ಮಸೂದೆ 2010ರ ಮೇನಲ್ಲಿ ಲೋಕಸಭೆ ದಾಟಿತು, ರಾಜ್ಯಸಭೆಯ ಆಯ್ಕೆ ಸಮಿತಿ ಅದನ್ನು ಗಟ್ಟಿಗೊಳಿಸಿ ಅದೇ ವರ್ಷ ವರದಿ ಕೊಟ್ಟಿತು, 2014ರಲ್ಲಿ ಮಸೂದೆಯ ಆಯುಸ್ಸು ಮುಗಿಯಿತು. ಬಲವಂತದ ಕಣ್ಮರೆ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ ಸಹಿ ಹಾಕಿದ್ದು 2007ರ ಫೆಬ್ರವರಿ 6ರಂದು, ಅದು ತೆರೆದ ಮೊದಲ ದಿನವೇ. ಸ್ಥಿರೀಕರಣ ಇನ್ನೂ ಬಾಕಿ.

ಹಾಗಾಗಿ ಸದ್ಯಕ್ಕೆ ನಮ್ಮ ಕೈಲಿರುವುದು ಒಂದು ಕಾಗದ. ಪಶ್ಚಿಮ ಬಂಗಾಳದ ಡಿ. ಕೆ. ಬಸು 1986ರಲ್ಲಿ ಸುಪ್ರೀಂ ಕೋರ್ಟಿಗೆ ಬರೆದ ಪತ್ರವೇ ಅರ್ಜಿಯಾಗಿ, 1996ರ ಡಿಸೆಂಬರ್ 18ರಂದು 11 ಸೂಚನೆಗಳ ತೀರ್ಪು ಬಂತು. ಹಿಡಿದ ಕ್ಷಣದಲ್ಲೇ ಬಂಧನ ಪತ್ರ ಬರೆಯಬೇಕು. ಅದರಲ್ಲಿ ದಿನಾಂಕ, ಗಂಟೆ ಇರಬೇಕು. ಮನೆಯವರೋ ಊರಿನ ಗೌರವಸ್ಥರೋ ಒಬ್ಬರು ಸಾಕ್ಷಿ ಸಹಿ ಹಾಕಬೇಕು. 12 ಗಂಟೆಯೊಳಗೆ ಜಿಲ್ಲಾ ಕೇಂದ್ರದ ಪೊಲೀಸ್ ಕಂಟ್ರೋಲ್ ರೂಮಿನ ಫಲಕದಲ್ಲಿ ಹೆಸರು ಏರಬೇಕು. ಶ್ರೀನಿವಾಸಪುರದ ಮಂಡಿಯಲ್ಲೋ ಮಾಲೂರಿನ ಇಟ್ಟಿಗೆ ಗೂಡಿನ ಹತ್ತಿರವೋ ಯಾರನ್ನಾದರೂ ಹಿಡಿದು, ‘ಗೌರವಸ್ಥರು ನೀವೇ, ಇಲ್ಲೊಂದು ಸಹಿ ಹಾಕಿ ಸ್ವಾಮಿ’ ಎಂದು ನಿಮ್ಮ ಮುಂದೆ ಕಾಗದ ಚಾಚಿದರೆ, ಮೊದಲು ನೋಡಬೇಕಾದ್ದು ಗಂಟೆಯ ಕಾಲಂ. ಅದು ಖಾಲಿ ಇದ್ದರೆ ಪೆನ್ನು ಜೇಬಿನಲ್ಲೇ ಇರಲಿ.