ಪುಟ್ಟ ಮುಚ್ಚಳ ಇಲ್ಲದ್ದಕ್ಕೆ

ಪ್ರಶ್ನೆ: ವಿಮಾನದ ಸುರಕ್ಷತಾ ಸಾಧನವೇ ಅಪಘಾತಕ್ಕೆ ಕಾರಣವಾಗಬಹುದೇ?

ಆಗಿದೆ. ಅನೇಕ ವಿಮಾನಗಳಲ್ಲಿ ಸೀಟಿನ ಮೇಲಿಂದ ಇಳಿಬೀಳುವ ಮುಖವಾಡಕ್ಕೆ ಆಮ್ಲಜನಕ ಬರುವುದು ಒಂದು ಲೋಹದ ಡಬ್ಬಿಯಿಂದ. ಮುಖವಾಡವನ್ನು ಎಳೆದೊಡನೆ ಪುಟ್ಟ ಸುತ್ತಿಗೆಯೊಂದು ಡಬ್ಬಿಯ ಕಿಡಿ ಹೊತ್ತಿಸುವ ಕೇಪಿಗೆ ಬಡಿಯುತ್ತದೆ. ಒಳಗಿನ ಸೋಡಿಯಂ ಕ್ಲೋರೇಟ್ ಕಾದು ಆಮ್ಲಜನಕ ಬಿಡುತ್ತದೆ. ಆಗ ಡಬ್ಬಿಯ ಹೊರಮೈ 200 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ!

1996ರಲ್ಲಿ ಅಮೆರಿಕದ ಮಯಾಮಿಯಲ್ಲಿ ವ್ಯಾಲ್ಯೂಜೆಟ್ ಕಂಪನಿಯ ವಿಮಾನಗಳಿಂದ ಅವಧಿ ಮೀರಿದ ಇಂಥ ಡಬ್ಬಿಗಳನ್ನು ಬಿಚ್ಚಲಾಯಿತು. ಕೇಪಿಗೆ ಪೆಟ್ಟು ಬೀಳದಂತೆ ತಡೆಯುವ ಪ್ಲಾಸ್ಟಿಕ್ ಮುಚ್ಚಳಗಳನ್ನು ಯಾರೂ ಹಾಕಲಿಲ್ಲ. ಹಾಕಿದ್ದಾಗಿ ಕೆಲಸದ ಚೀಟಿಗೆ ಸಹಿ ಮಾತ್ರ ಬಿತ್ತು. ಸಾಗಣೆ ಪತ್ರದಲ್ಲಂತೂ ಅವು 'ಖಾಲಿ' ಎಂದಾದವು. ಮನಸ್ಸು ಕಲಕುವುದು ಇಲ್ಲೇ: ಎಡವಿದ್ದು ಒಬ್ಬರಲ್ಲ, ಕೈಯಿಂದ ಕೈಗೆ ದಾಟುವಾಗ ಒಬ್ಬರೂ ತಡೆಯಲಿಲ್ಲ.

ಮೇ 11ರಂದು ಆ ಡಬ್ಬಿಗಳನ್ನು ತುಂಬಿದ ಪೆಟ್ಟಿಗೆಗಳು ವ್ಯಾಲ್ಯೂಜೆಟ್‌ನ 592ನೇ ಸಂಖ್ಯೆಯ ವಿಮಾನದ ಸರಕು ಕೋಣೆ ಸೇರಿದವು, ಟೈರುಗಳ ಜೊತೆಗೆ. ಅಲ್ಲಿ ಹೊಗೆ ಪತ್ತೆ ಯಂತ್ರವಿರಲಿಲ್ಲ. ಗಾಳಿಯಾಡದ ಕೋಣೆಯಲ್ಲಿ ಬೆಂಕಿ ತಾನೇ ಆರುತ್ತದೆ ಎಂಬ ಲೆಕ್ಕಾಚಾರ. ಆದರೆ ಡಬ್ಬಿಗಳ ಬಿಸಿಗೆ ಹೊತ್ತಿಕೊಂಡ ಬೆಂಕಿಗೆ ಆಮ್ಲಜನಕ ಊಡುತ್ತಿದ್ದುದೂ ಆ ಡಬ್ಬಿಗಳೇ. ಹಾರಿದ ಹತ್ತೇ ನಿಮಿಷಗಳಲ್ಲಿ ವಿಮಾನ ಎವರ್‌ಗ್ಲೇಡ್ಸ್ ಜೌಗಿಗೆ ಬಿತ್ತು. ಅದರಲ್ಲಿದ್ದ 110 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಅಂಥ ಸರಕು ಕೋಣೆಗಳಲ್ಲಿ ಹೊಗೆ ಪತ್ತೆ, ಬೆಂಕಿ ಆರಿಸುವ ವ್ಯವಸ್ಥೆಯನ್ನು ಕಡ್ಡಾಯಗೊಳಿಸುವ ನಿಯಮ ಅಮೆರಿಕದಲ್ಲಿ ಬಂದದ್ದು 1998ರಲ್ಲಿ.